ಹದಿನಾರು ನಿಮಿಷಕ್ಕೆ ಜಾಗವಿಲ್ಲದ ಕಿರುತೆರೆ

2024ರ ಮೇ ತಿಂಗಳಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಿಂದ ಕನ್ನಡಿಗರಿಗೆ ಒಂದು ಸಂತೋಷದ ಸುದ್ದಿ ಬಂತು. ಜಗತ್ತಿನ ಸಿನಿಮಾ ಶಾಲೆಗಳ ವಿದ್ಯಾರ್ಥಿಗಳ ಚಿತ್ರಗಳಿಗೆಂದೇ ಅಲ್ಲಿ ‘ಲಾ ಸಿನೆಫ್’ ಎಂಬ ವಿಭಾಗವಿದೆ. ಅದರಲ್ಲಿ ಮೈಸೂರಿನ ಚಿದಾನಂದ ಎಸ್. ನಾಯ್ಕ ಅವರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಎಂಬ ಕಿರುಚಿತ್ರ ಮೊದಲ ಬಹುಮಾನ ಪಡೆಯಿತು. ಹೆಸರು ಇಂಗ್ಲಿಷಿನದಾದರೂ ಮಾತು ಕನ್ನಡ, ಕಥೆಯ ಬೇರು ನಮ್ಮ ಜನಪದ. ತನ್ನ ಕೋಳಿ ಕೂಗಿದರೇ ಬೆಳಗಾಗುವುದೆಂದು ಜಂಬಪಟ್ಟ ಅಜ್ಜಿಯ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಚಿತ್ರ ಆ ಕಥೆಯನ್ನು ತಿರುವಿ ಹಾಕುತ್ತದೆ. ಮುದುಕಿ ಹುಂಜವನ್ನು ಕದ್ದೊಯ್ಯುತ್ತಾಳೆ, ಊರಿನಲ್ಲಿ ನಿಜವಾಗಿಯೂ ಸೂರ್ಯ ಹುಟ್ಟುವುದು ನಿಂತುಹೋಗುತ್ತದೆ. ಇಡೀ ಚಿತ್ರ ಹದಿನಾರು ನಿಮಿಷದ್ದು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಇದು ಪುಣೆಯ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟಿನ ಟೆಲಿವಿಷನ್ ವಿಭಾಗದಲ್ಲಿ, ಒಂದು ವರ್ಷದ ಕೋರ್ಸಿನ ಕೊನೆಗೆ ನಾಲ್ವರು ವಿದ್ಯಾರ್ಥಿಗಳು ಸೇರಿ ಮಾಡಿದ ಅಭ್ಯಾಸದ ಚಿತ್ರ. ಅಂದರೆ ಟೆಲಿವಿಷನ್ ಕಲಿಸುವ ಮನೆಯಲ್ಲೇ ಹುಟ್ಟಿದ ಕೂಸು. ಪ್ರಶಸ್ತಿಯ ಸುದ್ದಿಯನ್ನು ನಮ್ಮ ವಾಹಿನಿಗಳು ಹೆಮ್ಮೆಯಿಂದಲೇ ಹೇಳಿದವು. ಆದರೆ ಆ ಹದಿನಾರು ನಿಮಿಷಗಳನ್ನು ನಮ್ಮ ಓದುಗರಲ್ಲಿ ಎಷ್ಟು ಜನ ತಮ್ಮ ಮನೆಯ ಟಿ.ವಿ.ಯಲ್ಲಿ, ಮನೆಮಂದಿಯ ಜೊತೆ ಕುಳಿತು ನೋಡಿದ್ದೀರಿ? ಪ್ರಶಸ್ತಿ ನಮ್ಮದು, ಚಿತ್ರ ಮಾತ್ರ ಬೇರೆಯವರಿಗೆ ಎಂಬ ಈ ಸ್ಥಿತಿಯ ಬಗ್ಗೆ ನಾವು ನಾಲ್ಕು ಮಾತು ಆಡಬೇಕಾಗಿದೆ.

ಇದು ಒಂದೇ ಚಿತ್ರದ ಪ್ರಶ್ನೆಯಲ್ಲ. ಕಳೆದ ಹತ್ತು ವರ್ಷಗಳಲ್ಲಿ ಕನ್ನಡದ ಒಳ್ಳೆಯ ಸಣ್ಣ ಸಿನಿಮಾಗಳು ಬೆಂಗಳೂರಿನ ಸ್ಟುಡಿಯೊಗಳಿಗಿಂತ ಹಳ್ಳಿಗಳ ಅಂಗಳದಲ್ಲಿ ಹೆಚ್ಚಾಗಿ ಹುಟ್ಟಿವೆ. ರಾಮ್ ರೆಡ್ಡಿಯವರ ‘ತಿಥಿ’ ಮಂಡ್ಯ ಸೀಮೆಯ ಹಳ್ಳಿಗರನ್ನೇ ನಟರನ್ನಾಗಿ ಮಾಡಿಕೊಂಡು 2015ರಲ್ಲಿ ಲೊಕಾರ್ನೊ ಉತ್ಸವದ ಪ್ರಶಸ್ತಿಗಳನ್ನು ತಂದಿತು. ಉತ್ತರ ಕನ್ನಡದ ನಟೇಶ್ ಹೆಗಡೆ ತಮ್ಮ ತಂದೆಯವರನ್ನೇ ಮುಖ್ಯ ಪಾತ್ರದಲ್ಲಿ ನಿಲ್ಲಿಸಿ ‘ಪೆದ್ರೊ’ ಮಾಡಿದರು; ಅದು 2021ರಲ್ಲಿ ಬೂಸಾನ್ ತಲುಪಿತು. ಮರುವರ್ಷ ಅದೇ ಬೂಸಾನಿನಲ್ಲಿ ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ ಪ್ರಶಸ್ತಿ ಗೆದ್ದಿತು. ಅದು ಕೊಪ್ಪಳ ಸೀಮೆಯ ಹೆಣ್ಣುಮಗಳೊಬ್ಬಳ ಕಥೆ. ಇವು ಪೂರ್ಣ ಅವಧಿಯ ಚಿತ್ರಗಳು. ಇವುಗಳಿಗೆ ಉತ್ಸವಗಳಾದರೂ ಸಿಕ್ಕವು, ಕೆಲವಕ್ಕೆ ಥಿಯೇಟರುಗಳೂ ಸಿಕ್ಕವು. ಹತ್ತು, ಹದಿನೈದು, ಇಪ್ಪತ್ತು ನಿಮಿಷದ ಚಿತ್ರಗಳಿಗೆ ಅದೂ ಇಲ್ಲ. ಟಿಕೆಟು ಮಾರಿ ತೋರಿಸುವಷ್ಟು ಉದ್ದವಿಲ್ಲದ ಈ ಚಿತ್ರಗಳಿಗೆ ಸಹಜವಾದ ಮನೆಯೆಂದರೆ ಟೆಲಿವಿಷನ್ನೇ. ಆ ಮನೆಯ ಬಾಗಿಲೇ ಮುಚ್ಚಿದೆ.

ಸಣ್ಣಕಥೆ ಬರೆಯುವವರಾದ ನಮಗೆ ಇದು ಚೆನ್ನಾಗಿ ಅರ್ಥವಾಗುವ ಸಂಗತಿ. ಕನ್ನಡದಲ್ಲಿ ಸಣ್ಣಕಥೆ ಇಷ್ಟು ಹುಲುಸಾಗಿ ಬೆಳೆದದ್ದು ಕಥೆಗಾರರ ಪ್ರತಿಭೆಯಿಂದ ಮಾತ್ರ ಅಲ್ಲ. ವಾರಪತ್ರಿಕೆಗಳಲ್ಲಿ, ಭಾನುವಾರದ ಪುರವಣಿಗಳಲ್ಲಿ, ದೀಪಾವಳಿ-ಯುಗಾದಿ ವಿಶೇಷಾಂಕಗಳಲ್ಲಿ ಕಥೆಗೆಂದೇ ಮೀಸಲಾದ ಪುಟಗಳಿದ್ದವು. ‘ಪ್ರಜಾವಾಣಿ’ಯ ದೀಪಾವಳಿ ಕಥಾಸ್ಪರ್ಧೆಗೆ ಕಾಯುವ ತರುಣರು ಪ್ರತಿ ಊರಿನಲ್ಲೂ ಇದ್ದರು, ಈಗಲೂ ಇದ್ದಾರೆ. ಉರ್ದುವಿನಲ್ಲಿಯೂ ಅಫ್ಸಾನಾ ಮನೆಮನೆ ಹೊಕ್ಕದ್ದು ‘ಶಮಾ’, ‘ಬೀಸ್ವೀಂ ಸದೀ’ಯಂಥ ಮಾಸಿಕಗಳ ಮೂಲಕವೇ. ನಿಗದಿಯಾದ ಪುಟ, ಗೊತ್ತಾದ ದಿನ, ಓದಿ ಆರಿಸುವ ಒಬ್ಬ ಸಂಪಾದಕ, ಅಲ್ಪವಾದರೂ ಒಂದು ಸಂಭಾವನೆ: ಈ ನಾಲ್ಕು ಇದ್ದರೆ ಒಂದು ಪ್ರಕಾರ ತಾನಾಗಿ ಬೆಳೆಯುತ್ತದೆ. ಕಿರುಚಿತ್ರಕ್ಕೆ ಕನ್ನಡದಲ್ಲಿ ಪ್ರತಿಭೆಯ ಕೊರತೆಯಿಲ್ಲ; ಈ ನಾಲ್ಕರ ಕೊರತೆಯಿದೆ.

ಪ್ರಸಾರ ಮಾಧ್ಯಮ ಹಿಂದೆಯೂ ಹೀಗೇ ಇತ್ತೆಂದು ಹೇಳಲಾಗದು. ಸಾದತ್ ಹಸನ್ ಮಂಟೊ 1941-42ರಲ್ಲಿ ದೆಹಲಿಯ ಆಕಾಶವಾಣಿಯಲ್ಲಿ ಕೆಲಸಕ್ಕಿದ್ದು ನೂರಕ್ಕೂ ಹೆಚ್ಚು ರೇಡಿಯೊ ನಾಟಕಗಳನ್ನು ಬರೆದರು. ಕೃಷನ್ ಚಂದರ್, ಉಪೇಂದ್ರನಾಥ ಅಶ್ಕರೂ ಅದೇ ಸಂಸ್ಥೆಯಲ್ಲಿದ್ದರು. ಹೊಸ ಮಾಧ್ಯಮವೊಂದು ಕಥೆಗಾರರನ್ನು ಹುಡುಕಿಕೊಂಡು ಹೋದ ಕಾಲವದು. ದೂರದರ್ಶನದ ಆರಂಭದ ವರ್ಷಗಳಲ್ಲಿಯೂ ಈ ಗುಣ ಸ್ವಲ್ಪಮಟ್ಟಿಗೆ ಇತ್ತು. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಇಡೀ ದೇಶಕ್ಕೆ ಒಂದೊಂದು ವಾರ ಒಂದೊಂದು ಸಣ್ಣಕಥೆ ಹೇಳಿತು. ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಚಿತ್ರಗಳು ಅಡಿಬರಹದೊಂದಿಗೆ ಬರುತ್ತಿದ್ದವು. ಅಸ್ಸಾಮಿನ, ಕೇರಳದ, ಬಂಗಾಳದ ಬಡವರ ಮುಖಗಳನ್ನು ನಮ್ಮ ಪೀಳಿಗೆ ಮೊದಲು ಕಂಡದ್ದು ಅಲ್ಲಿಯೇ. 1998ರಲ್ಲಿ ಟಿ.ಎನ್. ಸೀತಾರಾಂ ಅವರ ‘ಮಾಯಾಮೃಗ’ ದೂರದರ್ಶನದಲ್ಲಿ ಬಂದಾಗ ಕನ್ನಡದ ಧಾರಾವಾಹಿಯೂ ಒಳ್ಳೆಯ ಕಾದಂಬರಿಯಂತೆ ಇರಬಲ್ಲದೆಂದು ಗೊತ್ತಾಯಿತು.

ಹಾಗೆಂದು ಆ ಕಾಲವನ್ನು ಸತ್ಯಯುಗವೆಂದು ಹಾಡಿ ಹೊಗಳುವುದೂ ಬೇಡ. ಸರಕಾರದ ಪೆಟ್ಟಿಗೆಗೆ ಸರಕಾರದ್ದೇ ಬೀಗವಿತ್ತು. ಆನಂದ್ ಪಟವರ್ಧನ್ ಅವರ ರಾಷ್ಟ್ರಪ್ರಶಸ್ತಿ ಪಡೆದ ಸಾಕ್ಷ್ಯಚಿತ್ರ ‘ಫಾದರ್, ಸನ್ ಅಂಡ್ ಹೋಲಿ ವಾರ್’ ಪ್ರಸಾರಕ್ಕೆ ದೂರದರ್ಶನ ಒಪ್ಪಲಿಲ್ಲ. ವರ್ಷಗಟ್ಟಲೆ ಕೋರ್ಟು ಅಲೆದ ಮೇಲೆ 2006ರಲ್ಲಿ ಸುಪ್ರೀಂ ಕೋರ್ಟು ಪ್ರಸಾರ ಮಾಡಬೇಕೆಂದು ಹೇಳಬೇಕಾಯಿತು. ಒಂದು ಕಾಲದಲ್ಲಿ ಬೀಗ ಅಧಿಕಾರಿಯ ಕೈಯಲ್ಲಿತ್ತು. ಈಗ ಜಾಹೀರಾತುದಾರನ ಕೈಗೆ ಬಂದಿದೆ. ಹೊರಗೆ ನಿಂತವನಿಗೆ ಎರಡೂ ಒಂದೇ.

ಟಿ.ವಿ. ಎಂಬ ಈ ಪೆಟ್ಟಿಗೆ ಒಂದು ಊರಿಗೆ ಬಂದರೆ ಏನಾಗುತ್ತದೆಂಬುದನ್ನು ಕನ್ನಡದಲ್ಲಿ ಅತ್ಯಂತ ಸೂಕ್ಷ್ಮವಾಗಿ ತೋರಿಸಿದ ಚಿತ್ರ ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ (2008). ವೈದೇಹಿಯವರ ಕಥೆಯಲ್ಲಿ ಊರಿಗೆ ಬರುವುದು ಸಿನಿಮಾ ಟಾಕೀಸು. ಕಾಸರವಳ್ಳಿ ಅದರ ಜಾಗದಲ್ಲಿ ಡಿಶ್ ಆಂಟೆನಾ ಇರುವ ಬಣ್ಣದ ಟಿ.ವಿ.ಯನ್ನು ಇಟ್ಟರು. ಕುಂದಾಪುರದ ಕಡೆಯ ಕುದ್ರುವೊಂದರ ಸೂಲಗಿತ್ತಿ ಗುಲಾಬಿಗೆ ಅದು ಹೆರಿಗೆ ಮಾಡಿಸಿದ್ದಕ್ಕೆ ಸಿಕ್ಕ ಉಡುಗೊರೆ. ಗಂಡ ಬಿಟ್ಟುಹೋದ ಆ ಮುಸ್ಲಿಂ ಹೆಣ್ಣಿನ ಗುಡಿಸಿಲಿಗೆ ಊರಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂರುತ್ತಾರೆ. ಸಿನಿಮಾ ನೋಡುವ ನೆಪದಲ್ಲಿ ಅವರಿಗೆ ತಮ್ಮದೇ ಒಂದು ಜಾಗ ಸಿಗುತ್ತದೆ. ಆದರೆ ಅದೇ ಕಾಲ ಕಾರ್ಗಿಲ್ ಯುದ್ಧದ ಕಾಲ. ಮೀನುಗಾರಿಕೆಯ ಪೈಪೋಟಿಗೆ ದೇಶಭಕ್ತಿಯ ಬಣ್ಣ ಹತ್ತುತ್ತದೆ. ನಿನ್ನೆಯವರೆಗೆ ನಮ್ಮ ಗುಲಾಬಿಯಾಗಿದ್ದವಳು ಇದ್ದಕ್ಕಿದ್ದಂತೆ ಬೇರೆಯವಳಾಗುತ್ತಾಳೆ, ಊರನ್ನೇ ಬಿಡಬೇಕಾಗುತ್ತದೆ. ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ತಂದ ಆ ಪಾತ್ರದ ನೋವು ಇಂದಿಗೂ ಮಾಸಿಲ್ಲ.

ಈ ಚಿತ್ರವನ್ನು ನಾವು ಸಾಮಾನ್ಯವಾಗಿ ಕೋಮುವಾದದ ವಿರುದ್ಧದ ಚಿತ್ರವೆಂದು ಓದುತ್ತೇವೆ. ಅದು ಸರಿ. ಆದರೆ ಅದರಲ್ಲಿ ಇನ್ನೊಂದು ಮಾತೂ ಇದೆ. ಗುಲಾಬಿಯ ಮನೆಯ ಪೆಟ್ಟಿಗೆಯೊಳಗೆ ಬೆಂಗಳೂರಿನ, ಮುಂಬೈಯ, ಗಡಿಯ ಕಥೆಗಳು ಬರುತ್ತವೆ. ಆ ಕುದ್ರುವಿನ ಕಥೆ ಮಾತ್ರ ಬರುವುದಿಲ್ಲ. ಪರದೆಯ ಮುಂದೆ ಕುಳಿತ ಹೆಂಗಸರು ಪರಸ್ಪರರ ಬದುಕನ್ನು ಪರದೆಯ ಮೇಲೆ ಎಂದೂ ಕಾಣುವುದಿಲ್ಲ. ದೂರದ ಚಿತ್ರಗಳನ್ನು ದಿನವೂ ಕಂಡ, ಪಕ್ಕದ ಮನೆಯ ಚಿತ್ರವನ್ನು ಎಂದೂ ಕಾಣದ ಊರಿಗೆ ಪಕ್ಕದ ಮನೆಯವರ ಬಗ್ಗೆ ದೂರದವರು ಹೇಳಿದ್ದನ್ನೇ ನಂಬುವುದು ಸುಲಭವಾಗುತ್ತದೆ. ಸ್ಥಳೀಯ ಚಿತ್ರಗಳಿಗೆ ಕಿರುತೆರೆಯಲ್ಲಿ ಜಾಗ ಬೇಕೆಂದು ನಾವು ಕೇಳುವುದು ಕಲೆಯ ಪೋಷಣೆಗಾಗಿ ಮಾತ್ರ ಅಲ್ಲ. ಇದು ನೆರೆಹೊರೆಯ ಪ್ರಶ್ನೆ.

ನಮ್ಮ ಧಾರಾವಾಹಿಗಳಲ್ಲಿ, ಹಾಸ್ಯ ಕಾರ್ಯಕ್ರಮಗಳಲ್ಲಿ ಸಾಬರ ಪಾತ್ರ ಬಂದರೆ ಅದು ಮಾತಾಡುವ ಕನ್ನಡವನ್ನು ಕೇಳಿ. ‘ನಮ್ದುಕೆ’, ‘ನಿಮ್ದುಕೆ’ ಎಂದು ಶುರುವಾಗಿ ಅಲ್ಲಿಗೇ ಮುಗಿಯುತ್ತದೆ. ಕರ್ನಾಟಕದ ಮುಸ್ಲಿಮರು ಮನೆಯಲ್ಲಿ ದಖನಿ, ಬ್ಯಾರಿ, ನವಾಯತಿ, ಉರ್ದು, ಕನ್ನಡ ಹೀಗೆ ಹಲವು ನುಡಿ ಆಡುತ್ತಾರೆ. ಒಂದೇ ವಾಕ್ಯದೊಳಗೆ ಎರಡು ಭಾಷೆ ದಾಟಿ ಬರುವ ಆ ಮಾತಿನಲ್ಲಿ ಪ್ರೀತಿಯೂ ಜಗಳವೂ ತತ್ವಜ್ಞಾನವೂ ಇವೆ. ಕಿರುತೆರೆಗೆ ಕೇಳಿಸುವುದು ನಗೆಚಾಟಿಕೆ ಮಾತ್ರ. ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯಿಂದ ‘ಹಸೀನಾ’ (2004) ಬಂತು. ಬ್ಯಾರಿ ಭಾಷೆಯ ಮೊದಲ ಚಿತ್ರ ‘ಬ್ಯಾರಿ’ 59ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರ ಪ್ರಶಸ್ತಿಯನ್ನು ಮರಾಠಿಯ ‘ದೇವೂಳ್’ ಜೊತೆ ಹಂಚಿಕೊಂಡಿತು. 2023ರಲ್ಲಿ ತೇಜಸ್ವಿಯವರ ಓದುಗರೇ ಹಣ ಹೂಡಿ ‘ಡೇರ್‌ಡೆವಿಲ್ ಮುಸ್ತಾಫಾ’ ಮಾಡಿದರು. ಇವೆಲ್ಲ ಗೌರವದ ಕೆಲಸಗಳು. ಆದರೆ ವರ್ಷಕ್ಕೋ ದಶಕಕ್ಕೋ ಒಂದು ಚಿತ್ರ ಬಂದರೆ ಅದರ ಮೇಲೆ ಇಡೀ ಸಮುದಾಯವನ್ನು ಪ್ರತಿನಿಧಿಸುವ ಹೊರೆ ಬೀಳುತ್ತದೆ. ವಾರಕ್ಕೆ ಒಂದು ಕಿರುಚಿತ್ರ ಬಂದರೆ ಆ ಹೊರೆ ಇಳಿಯುತ್ತದೆ. ಆಗ ಒಬ್ಬ ದರ್ಜಿ ಬರೀ ದರ್ಜಿಯಾಗಿರಬಹುದು, ಒಬ್ಬಳು ಅತ್ತೆ ಬರೀ ಅತ್ತೆಯಾಗಿರಬಹುದು. ಈ ಮಾತು ಮುಸ್ಲಿಮರಿಗೆ ಮಾತ್ರವಲ್ಲ, ದಲಿತರಿಗೆ, ಕೊರಗರಿಗೆ, ಸಿದ್ದಿಗಳಿಗೆ, ಲಂಬಾಣಿಗಳಿಗೆ ಎಲ್ಲರಿಗೂ ಸಲ್ಲುತ್ತದೆ.

ನಮ್ಮ ಪರಿಚಯದ ತರುಣನೊಬ್ಬ ಮದುವೆ ವಿಡಿಯೊ ಎಡಿಟ್ ಮಾಡಿ ಜೀವನ ಸಾಗಿಸುತ್ತಾನೆ. ಬೀಡಿ ಕಟ್ಟುವ ತಾಯಿ ಮತ್ತು ಶಾಲೆ ಬಿಟ್ಟ ಮಗಳ ಬಗ್ಗೆ ಹನ್ನೊಂದು ನಿಮಿಷದ ಚಿತ್ರ ಮಾಡಿದ. ತಾಯಿ ದಖನಿಯಲ್ಲಿ ಕೇಳುತ್ತಾಳೆ, ಮಗಳು ಕನ್ನಡದಲ್ಲಿ ಉತ್ತರಿಸುತ್ತಾಳೆ. ಚಿತ್ರದ ಸೊಗಸೆಲ್ಲ ಅದರಲ್ಲೇ ಇದೆ. ಒಂದು ವಾಹಿನಿಗೆ ಹೋಗಿ ಕೇಳಿದರೆ, ಅರ್ಧ ಗಂಟೆಯ ಸಮಯವನ್ನು ದುಡ್ಡು ಕಟ್ಟಿ ಕೊಂಡುಕೊಂಡರೆ ಹಾಕುತ್ತೇವೆ ಎಂದರಂತೆ. ಚಿತ್ರ ಮಾಡಿದವನು ಹಣ ಕೇಳಬೇಕಾದ ಜಾಗದಲ್ಲಿ ಹಣ ಕೊಡಬೇಕಾದ ವ್ಯವಸ್ಥೆ ಇದು. ಕೊನೆಗೆ ಊರಿನ ಕೇಬಲ್‌ನವರು ಒಂದು ರಾತ್ರಿ ಪುಕ್ಕಟೆಯಾಗಿ ಹಾಕಿದರು. ಮರುದಿನ ಬೀಡಿ ಬ್ರಾಂಚಿನಲ್ಲಿ ಹೆಂಗಸರು ಅದರ ಬಗ್ಗೆಯೇ ಮಾತಾಡಿಕೊಂಡರು. ಆ ಮಾತುಕತೆಯನ್ನು ಅಳೆಯುವ ಯಂತ್ರ ಇನ್ನೂ ಬಂದಿಲ್ಲ.

ಬೇರೆ ಕಡೆ ಇದನ್ನು ಮಾಡಿ ತೋರಿಸಿದವರಿದ್ದಾರೆ. ತಮಿಳಿನ ಕಲೈಞರ್ ಟಿ.ವಿ. 2009ರಲ್ಲಿ ‘ನಾಳೈಯ ಇಯಕ್ಕುನರ್’, ಅಂದರೆ ‘ನಾಳೆಯ ನಿರ್ದೇಶಕ’ ಎಂಬ ಕಾರ್ಯಕ್ರಮ ಶುರುಮಾಡಿತು. ಹೊಸಬರು ಕಿರುಚಿತ್ರ ಮಾಡಿ ತರಬೇಕು, ಅದು ಪ್ರಸಾರವಾಗಬೇಕು, ಅನುಭವಿಗಳು ಅದರ ಗುಣದೋಷ ಹೇಳಬೇಕು. ‘ಪಿಜ್ಜಾ’ದ ಕಾರ್ತಿಕ್ ಸುಬ್ಬರಾಜ್, ‘ಸೂದು ಕವ್ವುಂ’ನ ನಲನ್ ಕುಮಾರಸ್ವಾಮಿ, ಬಾಲಾಜಿ ಮೋಹನ್ ಮೊದಲಾದವರು ಆ ಜಗಲಿಯಿಂದಲೇ ಎದ್ದುಬಂದವರು. ಬಾಲಾಜಿ ಮೋಹನ್ ತಮ್ಮ ಕಿರುಚಿತ್ರವನ್ನೇ ಬೆಳೆಸಿ 2012ರಲ್ಲಿ ಪೂರ್ಣ ಚಿತ್ರ ಮಾಡಿದರು. ಒಂದು ವಾಹಿನಿಯ ಸಣ್ಣ ಕಾರ್ಯಕ್ರಮ ಒಂದು ಭಾಷೆಯ ಚಿತ್ರರಂಗಕ್ಕೆ ಹೊಸ ರಕ್ತ ಕೊಟ್ಟಿತು.

ಆ ಮಾದರಿಯಲ್ಲಿ ದೋಷಗಳಿಲ್ಲವೆಂದಲ್ಲ. ಅದು ಸ್ಪರ್ಧೆ, ಅಲ್ಲಿ ಗೆಲ್ಲುವವರಿದ್ದಾರೆ, ಹೊರಬೀಳುವವರಿದ್ದಾರೆ. ಕಿರುಚಿತ್ರವೆಂದರೆ ದೊಡ್ಡ ಸಿನಿಮಾಕ್ಕೆ ಹತ್ತುವ ಏಣಿ ಎಂಬ ಭಾವನೆಯನ್ನು ಅದು ಬೆಳೆಸಿತು. ಅಲ್ಲಿಂದ ಬಂದು ದೊಡ್ಡ ಹೆಸರು ಮಾಡಿದವರಲ್ಲಿ ಹೆಂಗಸರನ್ನು ಹುಡುಕಬೇಕು. ಸಣ್ಣಕಥೆಯನ್ನು ಕಾದಂಬರಿಯ ಪೂರ್ವಾಭ್ಯಾಸವೆಂದು ಯಾರಾದರೂ ಹೇಳಿದರೆ ನಾವು ಒಪ್ಪುತ್ತೇವೆಯೇ? ಕಿರುಚಿತ್ರವೂ ಹಾಗೆಯೇ, ಅದರ ಅಳತೆಯೇ ಅದರ ಕಲೆ. ಕನ್ನಡಕ್ಕೂ ಇದು ಹೊಸತಲ್ಲ. ಪುಟ್ಟಣ್ಣ ಕಣಗಾಲರು 1976ರಲ್ಲೇ ಮೂರು ಕಥೆಗಳನ್ನು ಸೇರಿಸಿ ‘ಕಥಾ ಸಂಗಮ’ ಮಾಡಿದ್ದರು. ಅದೇ ಹೆಸರಿನಲ್ಲಿ 2019ರಲ್ಲಿ ರಿಷಬ್ ಶೆಟ್ಟಿ ಏಳು ನಿರ್ದೇಶಕರ ಏಳು ಸಣ್ಣ ಚಿತ್ರಗಳನ್ನು ಥಿಯೇಟರಿಗೆ ತಂದರು. ಥಿಯೇಟರಿನಲ್ಲಿ ಆಗುವುದು ವಾರಕ್ಕೊಮ್ಮೆ ಕಿರುತೆರೆಯಲ್ಲಿ ಆಗಬಾರದೇ?

ವಾಹಿನಿಗಳ ಮೊದಲ ಉತ್ತರ ಟಿ.ಆರ್.ಪಿ.: ಜನ ನೋಡುವುದಿಲ್ಲ. 2025ರಲ್ಲಿ ಕೇಂದ್ರ ಸರಕಾರವೇ ಹೇಳಿದಂತೆ ದೇಶದ ಸುಮಾರು 23 ಕೋಟಿ ಟಿ.ವಿ. ಮನೆಗಳ ಅಭಿರುಚಿಯನ್ನು ಅಳೆಯುತ್ತಿದ್ದುದು ಸುಮಾರು 58 ಸಾವಿರ ಮನೆಗಳ ಮೀಟರುಗಳು. ಅಷ್ಟರಿಂದ ಜಾಹೀರಾತಿನ ದರ ನಿಗದಿಯಾಗಬಹುದು. ಜನರ ಮನಸ್ಸು ತಿಳಿಯುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ಚಿತ್ರೀಕರಣ ನಿಂತಾಗ ವಾಹಿನಿಗಳು ಹಳೆಯ ಕಂತುಗಳನ್ನೂ ಡಬ್ಬಿಂಗ್ ಧಾರಾವಾಹಿಗಳನ್ನೂ ತುಂಬಿಕೊಂಡವು. ಅವುಗಳಲ್ಲೇ ಅಂಬೇಡ್ಕರ್ ಜೀವನದ ‘ಮಹಾನಾಯಕ’ಕ್ಕೆ ಊರೂರಿನ ಜನ ಫ್ಲೆಕ್ಸ್ ಕಟ್ಟಿ ಸ್ವಾಗತ ಕೋರಿದರು. ತಮ್ಮ ಬದುಕಿಗೆ ತಾಗುವುದನ್ನು ಕೊಟ್ಟರೆ ಜನ ನೋಡುತ್ತಾರೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಎರಡನೆಯ ಉತ್ತರ: ಯೂಟ್ಯೂಬ್ ಇದೆಯಲ್ಲ, ಟಿ.ವಿ. ಯಾಕೆ? ಯೂಟ್ಯೂಬ್ ಬಾಗಿಲು ತೆರೆದಿದೆ, ನಿಜ. ಆದರೆ ಅದು ಸಂತೆ. ಅಲ್ಲಿ ಕೂಗಿದವನ ಮಾತು ಕೇಳಿಸುತ್ತದೆ. ಆರಿಸುವವರಿಲ್ಲ, ಸಣ್ಣ ಚಿತ್ರಕ್ಕೆ ದಕ್ಕುವ ಹಣ ಚಹಾಕ್ಕೂ ಸಾಲದು. ಅದಕ್ಕಿಂತ ಮುಖ್ಯವಾಗಿ, ಮೊಬೈಲನ್ನು ಒಬ್ಬರೇ ನೋಡುತ್ತಾರೆ. ಅಜ್ಜಿ, ಸೊಸೆ, ಮಗ, ಪಕ್ಕದ ಮನೆಯವಳು ಒಟ್ಟಿಗೆ ಕುಳಿತು ನೋಡಿ ವಾದ ಮಾಡುವುದು ಇಂದಿಗೂ ಟಿ.ವಿ.ಯ ಮುಂದೆಯೇ. 2024ರ ನವೆಂಬರಿನಲ್ಲಿ ಪ್ರಸಾರ ಭಾರತಿ ‘ವೇವ್ಸ್’ ಎಂಬ ಒಟಿಟಿ ಆರಂಭಿಸಿತು. 2025ರ ಮಾರ್ಚಿನ ಬಜೆಟ್ಟಿನಲ್ಲಿ ಕರ್ನಾಟಕ ಸರಕಾರವೂ ಕನ್ನಡ ಚಿತ್ರಗಳಿಗಾಗಿ ಒಟಿಟಿ ವೇದಿಕೆ ಘೋಷಿಸಿತು. ಸ್ವಾಗತಿಸೋಣ. ಆದರೆ ಒಟಿಟಿಯಲ್ಲಿ ಹುಡುಕಿದವನಿಗೆ ಮಾತ್ರ ಚಿತ್ರ ಸಿಗುತ್ತದೆ. ಟಿ.ವಿ.ಯಲ್ಲಿ ಹುಡುಕದವನಿಗೂ ಸಿಗುತ್ತದೆ.

ಮೂರನೆಯ ಉತ್ತರ ನಿಯಮದ್ದು: ಟಿ.ವಿ.ಯಲ್ಲಿ ಸಿನಿಮಾ ತೋರಿಸಲು ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಬೇಕು. ಇದು ನಿಜವಾದ ತೊಡಕೇ. ಆದರೆ ಇದು ಒಂಟಿ ತರುಣನಿಗೆ ಬೆಟ್ಟ, ವಾಹಿನಿಗೆ ಹುಲ್ಲು. ವರ್ಷವಿಡೀ ಇದೇ ಕೆಲಸ ಮಾಡಿಸುವ ಸಿಬ್ಬಂದಿ ಅವರಲ್ಲಿದ್ದಾರೆ. ಆರಿಸಿದ ಚಿತ್ರದ ಪ್ರಮಾಣಪತ್ರದ ಖರ್ಚನ್ನು ಅವರೇ ಭರಿಸಬಹುದು.

ಹಾಗಾದರೆ ಸಮಯ ಎಲ್ಲಿದೆ? ಸಮಯವನ್ನು ಕಾನೂನೇ ಎತ್ತಿಟ್ಟಿದೆ. ಆಕಾಶದ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲಿ ಕ್ರಿಕೆಟ್ ಪ್ರಸಾರದ ಮೊಕದ್ದಮೆಯಲ್ಲಿ ಹೇಳಿತು. ಕೇಂದ್ರ ಸರಕಾರ 2022ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ ಪ್ರಕಾರ ಖಾಸಗಿ ವಾಹಿನಿಗಳು ದಿನಕ್ಕೆ 30 ನಿಮಿಷ ಸಾರ್ವಜನಿಕ ಹಿತದ ಕಾರ್ಯಕ್ರಮ ಪ್ರಸಾರ ಮಾಡಬೇಕು. ಅದಕ್ಕೆ ಪಟ್ಟಿಮಾಡಿದ ವಿಷಯಗಳಲ್ಲಿ ಶಿಕ್ಷಣ, ಕೃಷಿ, ಆರೋಗ್ಯ, ಮಹಿಳೆಯರ ಕಲ್ಯಾಣ, ದುರ್ಬಲ ವರ್ಗಗಳ ಕಲ್ಯಾಣ, ಪರಿಸರ ಮತ್ತು ಸಾಂಸ್ಕೃತಿಕ ಪರಂಪರೆ, ರಾಷ್ಟ್ರೀಯ ಭಾವೈಕ್ಯ ಇವೆ. 2023ರ ಜನವರಿಯ ಸೂಚನೆಯಂತೆ ಇದನ್ನು ತುಂಡುತುಂಡಾಗಿಯೂ ಕೊಡಬಹುದು. ಒಂದೇ ಕಾರ್ಯಕ್ರಮವನ್ನು ವಾಹಿನಿಗಳು ಹಂಚಿಕೊಳ್ಳಬಹುದು, ಮರುಪ್ರಸಾರ ಮಾಡಬಹುದು. ಮಧ್ಯರಾತ್ರಿಯಿಂದ ಬೆಳಗಿನ ಆರರವರೆಗೆ ಹಾಕಿದ್ದು ಮಾತ್ರ ಲೆಕ್ಕಕ್ಕಿಲ್ಲ. ದಿನಕ್ಕೆ 30 ನಿಮಿಷವೆಂದರೆ ವಾರಕ್ಕೆ ಮೂರೂವರೆ ಗಂಟೆ. ಅದರಲ್ಲಿ ಒಂದು ಗಂಟೆ, ಭಾನುವಾರ ಸಂಜೆಯಂಥ ಗೊತ್ತಾದ ಹೊತ್ತಿನಲ್ಲಿ, ಜಿಲ್ಲೆಗಳ ಕಿರುಚಿತ್ರಗಳಿಗೆ ಮೀಸಲಾದರೆ ವಾಹಿನಿಗೆ ನಷ್ಟವೇನು? ಎರಡು ಚಿತ್ರ, ಮಾಡಿದವರ ಜೊತೆ ಹತ್ತು ನಿಮಿಷ ಮಾತು, ನಿಗದಿಯಾದ ಸಂಭಾವನೆ, ಅಡಿಬರಹದೊಂದಿಗೆ ತುಳು, ಬ್ಯಾರಿ, ಕೊಡವ, ಕೊಂಕಣಿ, ದಖನಿ ಚಿತ್ರಗಳಿಗೂ ಪ್ರವೇಶ. ಈ ಕೆಲಸಕ್ಕೆ ದೂರದರ್ಶನದ ‘ಚಂದನ’ ಎಲ್ಲರಿಗಿಂತ ಮೊದಲು ಮುಂದಾಗಬೇಕು. ಜಾಹೀರಾತಿಗಾಗಿ ಹುಟ್ಟದ ವಾಹಿನಿಯಾದರೂ ಈ ಧೈರ್ಯ ತೋರದಿದ್ದರೆ ಬೇರೆಯವರನ್ನು ದೂರಿ ಪ್ರಯೋಜನವಿಲ್ಲ.

ಚಿತ್ರ ಮಾಡುವ ಗೆಳೆಯರಿಗೂ ಒಂದು ಮಾತು. ಈಗ ಬರುವ ಕಿರುಚಿತ್ರಗಳಲ್ಲಿ ಹಲವು, ಕೊನೆಗೊಂದು ಉಪದೇಶದ ಸಾಲು ಬರೆದು ಮುಗಿಯುತ್ತವೆ. ಅಳಿಸುವ ಪಿಟೀಲು, ಆಕಾಶದಿಂದ ತೆಗೆದ ಒಂದು ನೋಟ, ಕೊನೆಯ ನಿಮಿಷದ ತಿರುವು: ಇಷ್ಟಿದ್ದರೆ ಚಿತ್ರವಾಯಿತೆಂಬ ನಂಬಿಕೆ ಬೆಳೆದಿದೆ. ಕೋಮು ಸೌಹಾರ್ದದ ಚಿತ್ರವೆಂದರೆ ಒಬ್ಬ ಒಳ್ಳೆಯ ಮುಸ್ಲಿಂ ರಕ್ತದಾನ ಮಾಡಿ ಹಿಂದೂ ಮಗುವನ್ನು ಉಳಿಸಲೇಬೇಕು. ಒಳ್ಳೆಯತನವನ್ನು ರುಜುವಾತು ಮಾಡಿ ತೋರಿಸಬೇಕಾದ ಪಾತ್ರಕ್ಕೆ ಬದುಕುವ ಸ್ವಾತಂತ್ರ್ಯವೇ ಇರುವುದಿಲ್ಲ. ಜಾಗ ಕೇಳುವ ಹಕ್ಕಿನ ಜೊತೆ ಚಿತ್ರಕಥೆಯನ್ನು ಹತ್ತು ಸಲ ತಿದ್ದುವ ಶ್ರಮವೂ ಇರಬೇಕು. ಆದರೆ ಇದನ್ನು ಹೇಳುವವರಾದರೂ ಯಾರು? ಕಥೆ ಪ್ರಕಟವಾದರೆ ಓದುಗರು ಪತ್ರ ಬರೆಯುತ್ತಾರೆ, ವಿಮರ್ಶಕರು ಬಯ್ಯುತ್ತಾರೆ, ಕಥೆಗಾರ ಕಲಿಯುತ್ತಾನೆ. ಯಾರೂ ನೋಡದ ಚಿತ್ರಕ್ಕೆ ಬಯ್ಗುಳದ ಭಾಗ್ಯವೂ ಇಲ್ಲ.

ಇದರಲ್ಲಿ ಓದುಗರ ಪಾಲೂ ಇದೆ. ಒಂದು ಧಾರಾವಾಹಿಯ ನಾಯಕಿ ಬದಲಾದರೆ ವಾಹಿನಿಗೆ ನೂರಾರು ದೂರು ಹೋಗುತ್ತವೆ. ಕಿರುಚಿತ್ರ ತೋರಿಸಿ ಎಂದು ಒಂದು ಪತ್ರವಾದರೂ ಹೋಗಬೇಡವೇ? ತರಂಗಗಳು ನಮ್ಮವು ಎಂದು ನ್ಯಾಯಾಲಯ ಹೇಳಿ ಮೂವತ್ತು ವರ್ಷ ಕಳೆದಿದೆ. ನಮ್ಮ ಸ್ವತ್ತಿನಲ್ಲಿ ವಾರಕ್ಕೆ ಒಂದು ಗಂಟೆ ನಮ್ಮ ಮಕ್ಕಳ ಕೆಲಸ ನೋಡಬೇಕೆಂದು ಕೇಳುವುದು ದುರಾಸೆಯಲ್ಲ. ಕೇಳೋಣ, ಮತ್ತೆ ಮತ್ತೆ ಕೇಳೋಣ.